ಮಳೆಗಾಲದಲ್ಲಿ ಕಾವುಪೆಟ್ಟಿಗೆಯ ತೇವಾಂಶ

ತೋಟದ ಮನೆಗಳಲ್ಲಿ ನಾಟಿಕೋಳಿ ಸಾಕುವ ಬೆಳೆಗಾರರು ಕೆಲವರು ಸಣ್ಣ ಇನ್‌ಕ್ಯುಬೇಟರ್, ಅಂದರೆ ಕಾವುಪೆಟ್ಟಿಗೆ, ಇಟ್ಟುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಸುಮಾರಾಗಿ ಮರಿಯಾಗುವ ಪೆಟ್ಟಿಗೆಯಲ್ಲೇ ಆಷಾಢದಲ್ಲಿ ಮರಿಗಳು ಪೂರ್ತಿ ಬೆಳೆದು ಚಿಪ್ಪಿನೊಳಗೇ ಸಾಯುವುದುಂಟು. ಮೊಟ್ಟೆಯೂ ನಷ್ಟ, 21 ದಿನದ ಕರೆಂಟೂ ನಷ್ಟ. ಹುಂಜ ಸರಿಯಿಲ್ಲ, ಯಂತ್ರ ಸರಿಯಿಲ್ಲ ಎನ್ನುವ ಮೊದಲು ಪೆಟ್ಟಿಗೆಯೊಳಗಿನ ನೀರಿನ ತಟ್ಟೆಯನ್ನು ನೋಡುವುದು ಒಳ್ಳೆಯದು.

ಕಾವಿನಲ್ಲಿರುವ ಮೊಟ್ಟೆ ಸ್ವಲ್ಪ ಒಣಗಲೇಬೇಕು. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ, 18ನೇ ದಿನಕ್ಕೆ ತೂಕ ಶೇಕಡಾ 12ರಷ್ಟು ಇಳಿದಿರಬೇಕು. ಆ ಜಾಗ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಗೂಡಾಗುತ್ತದೆ. ಮರಿ ಮೊದಲು ಕೊಕ್ಕು ಚುಚ್ಚಿ ಉಸಿರಾಡುವುದು ಈ ಗಾಳಿಯನ್ನೇ. ಚಿಪ್ಪು ಒಡೆಯುವುದು ಆಮೇಲೆ. ತೇವ ಹೆಚ್ಚಾದರೆ ಗಾಳಿಗೂಡು ಕಿರಿದಾಗಿ, ಉಳಿದ ದ್ರವದಲ್ಲಿ ಮರಿ ಉಸಿರುಗಟ್ಟುತ್ತದೆ. ತೀರಾ ಕಡಿಮೆಯಾದರೆ ಒಳಪೊರೆ ಒಣಗಿ ಮೈಗೆ ಅಂಟಿ, ಮರಿ ತಿರುಗಲಾರದು.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್, ಮೊದಲ 18 ದಿನ ತೇವಾಂಶ ಶೇಕಡಾ 50ರಿಂದ 55 ಇರಬೇಕು. ಗಾಳಿ ಬಿಸಿಯಾದಂತೆ ಅದರ ತೇವಾಂಶದ ಶೇಕಡಾ ಲೆಕ್ಕ ಇಳಿಯುತ್ತದೆ. ಜುಲೈಯಲ್ಲಿ 25 ಡಿಗ್ರಿ, ಶೇಕಡಾ 95 ತೇವಾಂಶದ ಗಾಳಿ ಪೆಟ್ಟಿಗೆ ಹೊಕ್ಕರೆ, ಒಂದು ಹನಿ ನೀರಿಡದಿದ್ದರೂ ಒಳಗೆ ಶೇಕಡಾ 45ರ ಆಸುಪಾಸು ನಿಲ್ಲುತ್ತದೆ. ಜನವರಿಯ ಬೆಳಿಗ್ಗೆ 15 ಡಿಗ್ರಿ, ಶೇಕಡಾ 80ರ ಗಾಳಿಯಾದರೆ ಒಳಗೆ ಬರೀ 20! ಎರಡು ಕಾಲಕ್ಕೂ ಒಂದೇ ತಟ್ಟೆ ತುಂಬಿಡುವುದು ಎಷ್ಟು ತಪ್ಪೆಂದು ಇದರಿಂದ ತಿಳಿಯುತ್ತದೆ. ಮಳೆಗಾಲಕ್ಕೆ ಸಣ್ಣ ಬಟ್ಟಲು ಸಾಕು, ಕೆಲವೊಮ್ಮೆ ಅದೂ ಬೇಡ. ಕಾವು ಕೂತ ಕೋಳಿಯ ಅಡಿಯಲ್ಲಿ ನೀರಿನ ತಟ್ಟೆ ಇಟ್ಟವರುಂಟೇ? ನೀರಿನ ಆಳದಿಂದ ತೇವ ಹೆಚ್ಚುವುದಿಲ್ಲ, ಅಗಲದಿಂದ ಹೆಚ್ಚುತ್ತದೆ. ಚಳಿಗಾಲದಲ್ಲಿ ಅಗಲ ತಟ್ಟೆ ಇಟ್ಟು, ಅದರಲ್ಲಿ ಒದ್ದೆ ಬಟ್ಟೆ ಇಳಿಬಿಡಬಹುದು.

ಅಗ್ಗದ ತೇವಾಂಶ ಮಾಪಕವನ್ನು ಪೂರ್ತಿ ನಂಬಬಾರದು. ಒಂದು ಮುಚ್ಚಳದಷ್ಟು ಉಪ್ಪನ್ನು ನೀರಿನಲ್ಲಿ ಮುದ್ದೆಯಾಗುವಷ್ಟು ಕಲಸಿ, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಅದು 75 ತೋರಿಸಬೇಕು. ಎಷ್ಟು ವ್ಯತ್ಯಾಸವೋ ಅಷ್ಟನ್ನು ಕೂಡಿಸಿಯೋ ಕಳೆದೋ ಓದಿಕೊಳ್ಳಬೇಕು.

ಅದಕ್ಕಿಂತ ನೆಚ್ಚಬಹುದಾದದ್ದು ತಕ್ಕಡಿ. ಕಾಫಿ ಒಣಗಿತೇ ಎಂದು ಅಳತೆಯ ತೂಕ ನೋಡಿ ತಿಳಿಯುವ ನಮಗೆ ಇದು ಹೊಸದೇನಲ್ಲ. ಹತ್ತು ಮೊಟ್ಟೆ ಸೇರಿ 450 ಗ್ರಾಂ ಇದ್ದರೆ, 6ನೇ ದಿನಕ್ಕೆ 18 ಗ್ರಾಂ, 12ನೇ ದಿನಕ್ಕೆ 36, 18ನೇ ದಿನಕ್ಕೆ 54 ಗ್ರಾಂ ಇಳಿದಿರಬೇಕು. ಕಡಿಮೆ ಇಳಿದಿದ್ದರೆ ನೀರು ತೆಗೆಯಿರಿ. ಹೆಚ್ಚು ಇಳಿದಿದ್ದರೆ ನೀರಿನ ಅಗಲ ಹೆಚ್ಚಿಸಿ. ತೇವ ಉಳಿಸಲೆಂದು ಗಾಳಿಕಿಂಡಿ ಮಾತ್ರ ಮುಚ್ಚಬೇಡಿ, ಒಳಗಿರುವುದು ಉಸಿರಾಡುವ ಜೀವ. ಬೆಚ್ಚಗಿರುತ್ತದೆಂದು ಬಚ್ಚಲ ಒಲೆಯ ಪಕ್ಕ ಪೆಟ್ಟಿಗೆ ಇಡುವುದೂ ಸಲ್ಲದು. ಹೊಗೆ, ಹಬೆ ಎರಡೂ ಒಳ ಸೇರುತ್ತವೆ.

18ನೇ ದಿನದಿಂದ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಬೆಚ್ಚನೆಯ ನೀರಿಟ್ಟು ತೇವಾಂಶವನ್ನು ಶೇಕಡಾ 65ರಿಂದ 70ಕ್ಕೆ ಏರಿಸಬೇಕು. ಇಲ್ಲಿ ತೇವ ಬೇಕಾದದ್ದು ಪೊರೆ ಒಣಗದಿರಲೆಂದು. ಚಿಪ್ಪು ಬಿರಿದ ಮೇಲೆ ಮಕ್ಕಳು ನೋಡಬೇಕೆಂದು ಎಷ್ಟು ಹಠ ಹಿಡಿದರೂ ಮುಚ್ಚಳ ತೆಗೆಯಬಾರದು. ಮರಿಗಳ ಮೈ ಒಣಗುವವರೆಗೆ ಅವು ಒಳಗೇ ಇರಲಿ. ಹೊಟ್ಟೆ ಸೇರಿದ ಹಳದಿಯ ಬಲದಿಂದ ಒಂದು ದಿನ ಕಾಳು ನೀರಿಲ್ಲದೆ ಇರಬಲ್ಲವು.