ಮದ್ದು ಒಂದೇ, ನಾಯಿ ಬೇರೆ

ಐವರ್‌ಮೆಕ್ಟಿನ್ ಎಂಬ ಹೆಸರು ನಮ್ಮ ಹಳ್ಳಿಗಳ ದನದ ಆಸ್ಪತ್ರೆಗೂ ಹೊಸದಲ್ಲ. ಕುರಿಯ ಹೊಟ್ಟೆಹುಳುವಿಗೆ, ದನದ ಮೈಮೇಲಿನ ಹೇನಿಗೆ, ನಾಯಿಯ ಕಜ್ಜಿಗೆ ಎಲ್ಲಕ್ಕೂ ಅದೇ ಚುಚ್ಚುಮದ್ದು. ಈ ಔಷಧದ ಹಿಂದಿನ ದುಡಿಮೆಗಾಗಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರಿಗೂ ಪಶುಗಳಿಗೂ ಅಷ್ಟು ಉಪಕಾರ ಮಾಡಿದ ಮದ್ದು ಇದು. ಆದರೆ 1980ರ ದಶಕದಲ್ಲಿ, ಇದು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಅಮೆರಿಕದ ಪಶುವೈದ್ಯರನ್ನು ಒಂದು ಸಂಗತಿ ಕಾಡತೊಡಗಿತು. ಬೇರೆ ನಾಯಿಗಳು ಸಲೀಸಾಗಿ ತಾಳಿಕೊಳ್ಳುವ ಪ್ರಮಾಣವನ್ನೇ ಕೊಟ್ಟರೂ ಕೋಲಿ ತಳಿಯ ನಾಯಿಗಳು ತೂರಾಡುತ್ತಿದ್ದವು, ಜೊಲ್ಲು ಸುರಿಸುತ್ತಿದ್ದವು, ಅವುಗಳ ಕಣ್ಣು ಕಾಣದಾಗುತ್ತಿತ್ತು. ಕೆಲವು ಎಚ್ಚರ ತಪ್ಪಿ ಬಿದ್ದವು, ಮತ್ತೆ ಏಳಲೇ ಇಲ್ಲ. ಬಿಳಿ ಪಾದದ ನಾಯಿಗೆ ಈ ಮದ್ದು ಬೇಡ ಎಂಬ ಎಚ್ಚರಿಕೆ ವೈದ್ಯರ ನಡುವೆ ಬಾಯಿಂದ ಬಾಯಿಗೆ ಹರಡಿತು.

ಕಾರಣ ಸಿಕ್ಕಿದ್ದು 2001ರಲ್ಲಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರಿನಾ ಮೀಲಿ ಮತ್ತು ಸಂಗಡಿಗರು ಈ ನಾಯಿಗಳ ಎಂಡಿಆರ್1 ಎಂಬ ವಂಶವಾಹಿಯಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳು ಬಿಟ್ಟುಹೋಗಿರುವುದನ್ನು ಗುರುತಿಸಿದರು. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಒಂದು ಪ್ರೋಟೀನು ಕಾವಲುಗಾರನಂತೆ ನಿಂತು, ಒಳನುಗ್ಗುವ ಔಷಧವನ್ನು ಹಿಡಿದು ಹೊರದಬ್ಬುತ್ತದೆ. ಆ ನಾಲ್ಕು ಅಕ್ಷರ ಇಲ್ಲದಿದ್ದರೆ ಆ ಪ್ರೋಟೀನು ಪೂರ್ತಿ ತಯಾರಾಗುವುದೇ ಇಲ್ಲ. ಮದ್ದು ನೇರ ಮಿದುಳಿಗೆ ಸೇರುತ್ತದೆ. 2004ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಈ ದೋಷದ ಜಾಡು ಹಿಡಿದು ಹೋಗಿ, 1870ರ ದಶಕಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಬದುಕಿದ್ದ ಒಂದೇ ಒಂದು ನಾಯಿಯ ಬಳಿ ಬಂದು ನಿಂತಿತು. ಆ ಒಂದು ನಾಯಿಯ ಸಂತತಿಯ ಮೂಲಕವೇ ಅದು ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಮೊದಲಾದ ತಳಿಗಳಿಗೆಲ್ಲ ಹಬ್ಬಿದೆ.

ನಮ್ಮಲ್ಲಿ ಕೋಲಿ ವಿರಳ, ನಿಜ. ಆದರೆ ಜರ್ಮನ್ ಶೆಫರ್ಡ್ ಊರೂರಿನಲ್ಲೂ ಇದೆ. ಪಶ್ಚಿಮದಲ್ಲಿ ಪರೀಕ್ಷಿಸಿದ ಜರ್ಮನ್ ಶೆಫರ್ಡ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಂದರಲ್ಲಿ ಇದೇ ದೋಷ ಕಂಡಿದೆ. ಐವರ್‌ಮೆಕ್ಟಿನ್ ಒಂದರ ಮಾತೂ ಇದಲ್ಲ. ಭೇದಿ ನಿಲ್ಲಲೆಂದು ಮನೆಯಲ್ಲಿ ನಾವು ನುಂಗುವ ಲೋಪೆರಮೈಡ್ ಮಾತ್ರೆ ಈ ನಾಯಿಗಳಿಗೆ ಅಪಾಯ. ನಮ್ಮ ಬೀದಿನಾಯಿಗಳಲ್ಲಿ ಪದೇ ಪದೇ ಕಾಣುವ, ವೈದ್ಯರು ಟಿವಿಟಿ ಎನ್ನುವ ಜನನಾಂಗದ ಗೆಡ್ಡೆಗೆ ಕೊಡುವ ವಿನ್‌ಕ್ರಿಸ್ಟಿನ್ ಕೂಡ ಅಡ್ಡಪರಿಣಾಮ ಜಾಸ್ತಿ ಮಾಡುವುದರಿಂದ, ಇಂಥ ನಾಯಿಗೆ ಪ್ರಮಾಣ ತಗ್ಗಿಸಬೇಕು. ಇದರ ಜೊತೆಗೇ ಹೇಳಬೇಕಾದ ಮಾತೊಂದಿದೆ. ಹೃದಯದ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡುವ ಐವರ್‌ಮೆಕ್ಟಿನ್ನಿನ ಪ್ರಮಾಣ ತೀರಾ ಚಿಕ್ಕದು, ದೋಷವಿರುವ ನಾಯಿಗೂ ಅದರಿಂದ ತೊಂದರೆಯಿಲ್ಲ. ಅಪಾಯ ಇರುವುದು ಕಜ್ಜಿಗೆ ಕೊಡುವ, ಅದರ ಹತ್ತಾರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ. ಔಷಧದಂಗಡಿಯಿಂದ ತಾವೇ ತಂದು ಅಂದಾಜಿನ ಮೇಲೆ ಚುಚ್ಚುವವರು ಇದನ್ನು ತಿಳಿದಿರಬೇಕು.

ಇಂಥ ದೋಷವನ್ನು ಮೊದಲೇ ತಿಳಿಸುವ ಸಾಕುಪ್ರಾಣಿಗಳ ವಂಶವಾಹಿ ಪರೀಕ್ಷೆ ನನ್ನ ಮಟ್ಟಿಗೆ ಹೀಗಿರಬೇಕು. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ತೆಗೆದ ಮಾದರಿಯೋ ಒಂದಿಷ್ಟು ರಕ್ತವೋ ಸಾಕು. ಅದರಿಂದ ಬಂದ ಉತ್ತರ ವೈದ್ಯರು ನಾಳೆ ಬರೆಯುವ ಚೀಟಿಯನ್ನು ಬದಲಿಸಬೇಕು, ಇಲ್ಲವೇ ಮುಂದಿನ ಮರಿಗಳ ಹಣೆಬರಹವನ್ನು ಬದಲಿಸಬೇಕು. ಎರಡೂ ಆಗದ ಪರೀಕ್ಷೆಗೆ ಹಣ ಸುರಿಯುವ ಬದಲು ರೇಬೀಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸುವುದು ಮೇಲು. ನಮ್ಮ ನಾಯಿಮರಿಗಳನ್ನು ಇಂದಿಗೂ ಹೆಚ್ಚು ಕೊಲ್ಲುತ್ತಿರುವುದು ಸೋಂಕು.

ಮುಂದಿನ ಮರಿಗಳ ಮಾತಿಗೆ ಪರ್ಷಿಯನ್ ಬೆಕ್ಕಿಗಿಂತ ಸ್ಪಷ್ಟ ಉದಾಹರಣೆ ಸಿಗದು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಮನೆಗಳಲ್ಲಿ ಈಗ ಎಲ್ಲೆಲ್ಲೂ ಕಾಣುವ ಈ ತಳಿಯ ಮೂತ್ರಪಿಂಡದಲ್ಲಿ ಹುಟ್ಟಿನಿಂದಲೇ ನೀರಿನ ಗುಳ್ಳೆಗಳು ಬೆಳೆಯುವ ಒಂದು ಕಾಯಿಲೆ ಇದೆ. ಮರಿಯಾಗಿದ್ದಾಗ ಏನೂ ಗೊತ್ತಾಗುವುದಿಲ್ಲ. ನಡುವಯಸ್ಸಿಗೆ ಬಂದಾಗ ಬೆಕ್ಕು ಊಟ ಬಿಡುತ್ತದೆ, ಬಡಕಲಾಗುತ್ತದೆ, ನೀರಿನ ಬಟ್ಟಲು ಬಿಟ್ಟು ಕದಲುವುದಿಲ್ಲ. ವೈದ್ಯರ ಬಳಿ ಒಯ್ಯುವ ಹೊತ್ತಿಗೆ ಮೂತ್ರಪಿಂಡ ಸೋತಿರುತ್ತದೆ. ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಪರ್ಷಿಯನ್‌ಗಳ ಮೂರನೆಯ ಒಂದು ಪಾಲಿನಷ್ಟು ಈ ಕಾಯಿಲೆ ಹೊತ್ತಿದ್ದವು. ಕಾರಣವಾದ ವಂಶವಾಹಿಯ ದೋಷವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಲೆಸ್ಲಿ ಲಯನ್ಸ್ ಅವರ ತಂಡ 2004ರಲ್ಲಿ ಗುರುತಿಸಿತು. ತಾಯಿಯಿಂದಾಗಲಿ ತಂದೆಯಿಂದಾಗಲಿ ದೋಷದ ಒಂದು ಪ್ರತಿ ಬಂದರೂ ಕಾಯಿಲೆ ಬಂದೇ ಬರುತ್ತದೆ. ಎರಡು ಪ್ರತಿ ಬಂದ ಭ್ರೂಣ ಗರ್ಭದಲ್ಲೇ ಉಳಿಯುವುದಿಲ್ಲ. ಹಾಗಾಗಿ ಲೆಕ್ಕ ಬಲು ಸುಲಭ. ಪರೀಕ್ಷೆಯಲ್ಲಿ ಶುದ್ಧ ಎಂದು ಬಂದ ಗಂಡು ಹೆಣ್ಣುಗಳನ್ನಷ್ಟೇ ಕೂಡಿಸಿದರೆ ಆ ಮನೆತನದಲ್ಲಿ ಕಾಯಿಲೆ ಒಂದೇ ತಲೆಮಾರಿಗೆ ಮುಗಿಯುತ್ತದೆ. ಇಷ್ಟು ಸುಲಭವಾಗಿ ತಪ್ಪಿಸಬಹುದಾದ ಸಂಕಟವನ್ನು ಗೊತ್ತಿದ್ದೂ ಮಾರುವುದು ಮೋಸವೆಂದೇ ನಾನು ತಿಳಿಯುತ್ತೇನೆ.

ಎಲ್ಲ ದೋಷವೂ ಹೀಗೆ ಕೈಗೆಟಕುವುದಿಲ್ಲ. ಡಾಲ್ಮೇಷಿಯನ್ ತಳಿಯ ಕತೆ ನೋಡಿ. ಮೈಮೇಲೆ ಕಪ್ಪು ಚುಕ್ಕೆಯ ಈ ನಾಯಿಗಳ ಮೂತ್ರದಲ್ಲಿ ಯೂರಿಕ್ ಆಮ್ಲ ವಿಪರೀತ. ಗಂಡು ನಾಯಿಗಳಿಗೆ ಕಲ್ಲು ಕಟ್ಟಿ ಮೂತ್ರವೇ ನಿಂತುಹೋಗುವುದುಂಟು. ತಳಿಯ ಪ್ರತಿ ನಾಯಿಯಲ್ಲೂ ದೋಷವೇ ಇದ್ದಾಗ ಆರೋಗ್ಯವಂತ ಜೋಡಿಯನ್ನು ತರುವುದೆಲ್ಲಿಂದ? ರಾಬರ್ಟ್ ಶೈಬಲ್ ಎಂಬ ಅಮೆರಿಕದ ವಂಶವಾಹಿ ತಜ್ಞ 1973ರಲ್ಲಿ ಒಂದು ಪಾಯಿಂಟರ್ ನಾಯಿಯೊಡನೆ ಡಾಲ್ಮೇಷಿಯನ್ ಕೂಡಿಸಿದರು. ಹುಟ್ಟಿದ ಮರಿಗಳನ್ನು ಮತ್ತೆ ಮತ್ತೆ ಡಾಲ್ಮೇಷಿಯನ್‌ಗಳ ಜೊತೆಗೇ ಕೂಡಿಸುತ್ತ, ಪ್ರತಿ ತಲೆಮಾರಿನಲ್ಲೂ ಯೂರಿಕ್ ಆಮ್ಲ ಸರಿಯಿದ್ದವನ್ನೇ ಆರಿಸುತ್ತ ಹೋದರು. ಶುದ್ಧ ತಳಿ ಕೆಟ್ಟಿತೆಂದು ತಳಿಗಾರರ ಸಂಘದವರು ದಶಕಗಳ ಕಾಲ ಒಪ್ಪಲಿಲ್ಲ. 2008ರಲ್ಲಿ ದೋಷದ ವಂಶವಾಹಿ ಸಿಕ್ಕಿತು, ಡಿಎನ್‌ಎ ಪರೀಕ್ಷೆ ಬಂತು. 2011ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ಸಂತತಿಯನ್ನು ದಾಖಲೆಗೆ ಸೇರಿಸಿಕೊಂಡಿತು. ಹೊಸ ರಕ್ತ ಬಂದ ಮಾತ್ರಕ್ಕೆ ತಳಿ ಸಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ಮುಧೋಳ ನಾಯಿಯನ್ನು ಕುರಿತು ಯೋಚಿಸುವವರಿಗೂ ಇದು ಪಾಠ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಸೇನೆಯೂ ಈ ನಾಯಿಯನ್ನು ಕೊಂಡೊಯ್ದು ತರಬೇತಿ ಕೊಟ್ಟಿದೆ. ಹೆಸರು ಬಂದಷ್ಟೂ ಮರಿಗಳಿಗೆ ಬೇಡಿಕೆ ಏರುತ್ತದೆ. ಹೆಸರಾದ ಒಂದೆರಡು ಗಂಡುಗಳಿಂದಲೇ ಮರಿ ಹಾಕಿಸುವ ಆಸೆ ಹುಟ್ಟುತ್ತದೆ. ಹಾಗಾದರೆ ರಕ್ತಸಂಬಂಧ ಹತ್ತಿರವಾಗುತ್ತ ಹೋಗಿ, ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಇಲ್ಲಿ ಪರೀಕ್ಷೆಯ ನಿಜವಾದ ಉಪಯೋಗ ಯಾವ ಎರಡು ನಾಯಿಗಳು ಎಷ್ಟು ಹತ್ತಿರದ ನೆಂಟರು ಎಂದು ಅಳೆದು ಜೋಡಿ ಮಾಡುವುದು. ಎರಡು ಪ್ರತಿ ಬಂದಾಗಷ್ಟೇ ಕಾಣಿಸುವ ಕಾಯಿಲೆಯಾದರೆ, ದೋಷದ ಒಂದೇ ಪ್ರತಿ ಹೊತ್ತು ತಾನು ಆರೋಗ್ಯವಾಗಿರುವ ನಾಯಿಯನ್ನು ತಳ್ಳಿಹಾಕಬೇಕಾಗಿಲ್ಲ, ದೋಷವಿಲ್ಲದ ಜೋಡಿಯ ಜೊತೆ ಕೂಡಿಸಿದರೆ ಮರಿಗಳಿಗೆ ಆ ಕಾಯಿಲೆ ಬರುವುದಿಲ್ಲ. ಅಂಥವನ್ನೆಲ್ಲ ಹೊರಗಿಟ್ಟರೆ ಚಿಕ್ಕ ತಳಿ ಇನ್ನೂ ಚಿಕ್ಕದಾಗುತ್ತದೆ.

ಇನ್ನು ವರದಿಯನ್ನೇ ರೋಗನಿದಾನ ಎಂದು ನಂಬುವ ಅಪಾಯ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೀಸಾ ಮೋಸೆಸ್, ಸ್ಟೀವ್ ನೀಮಿ ಮತ್ತು ಎಲಿನಾರ್ ಕಾರ್ಲ್ಸನ್ ಒಂದು ಪಗ್ ನಾಯಿಯ ಪ್ರಸಂಗವನ್ನು ಬರೆದರು. ಹದಿಮೂರು ವರ್ಷದ ಅದಕ್ಕೆ ನಡೆಯಲು ಕಷ್ಟವಾಯಿತು, ಮಲಮೂತ್ರದ ಹಿಡಿತ ತಪ್ಪಿತು. ಮನೆಯವರು 65 ಡಾಲರ್ ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸಿದರು. ನರಗಳು ಕ್ರಮೇಣ ಸೋಲುವ, ಮದ್ದಿಲ್ಲದ ಕಾಯಿಲೆಗೆ ಸಂಬಂಧಿಸಿದ ದೋಷ ಇದೆ ಎಂದು ಉತ್ತರ ಬಂತು. ಅದು ನರಳಬಾರದೆಂದು ದಯಾಮರಣ ಕೊಡಿಸಿದರು. ಅದಕ್ಕಿದ್ದದ್ದು ಚಿಕಿತ್ಸೆಗೆ ಬಗ್ಗುವ ಬೆನ್ನುಹುರಿಯ ತೊಂದರೆಯೂ ಆಗಿರಬಹುದಿತ್ತು. ಆ ದೋಷ ಹೊತ್ತ ಎಷ್ಟೋ ನಾಯಿಗಳು ಆ ಕಾಯಿಲೆಯನ್ನೇ ಕಾಣದೆ ಮುದಿಯಾಗುತ್ತವೆ. ಓದಿದಾಗಿನಿಂದ ಈ ಪ್ರಸಂಗ ನನ್ನನ್ನು ಬಿಟ್ಟಿಲ್ಲ. ಆ ಮನೆಯವರು ಮಾಡಿದ್ದೆಲ್ಲ ಪ್ರೀತಿಯಿಂದಲೇ. ವರದಿಯನ್ನು ನಾಯಿಯ ಮೈ ಮುಟ್ಟಿ ನೋಡುವ ವೈದ್ಯರ ಮುಂದಿಟ್ಟು ಓದಿಸಿದ್ದರೆ ತೀರ್ಮಾನ ಬೇರೆಯಾಗಬಹುದಿತ್ತು.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು ಕುಂಟಿಸುವ ಸೊಂಟದ ಕೀಲಿನ ತೊಂದರೆಗೆ ಒಂದೇ ವಂಶವಾಹಿ ಕಾರಣವಲ್ಲ. ಅಲ್ಲಿ ಇಂದಿಗೂ ಎಕ್ಸ್‌ರೇಯೇ ದಿಕ್ಕು. ಎಷ್ಟು ತಿಂದರೂ ಹಸಿವು ತೀರದ ಲ್ಯಾಬ್ರಡಾರ್‌ಗಳ ಗುಟ್ಟನ್ನು ಮಾತ್ರ 2016ರಲ್ಲಿ ಕೇಂಬ್ರಿಜ್‌ನ ಎಲಿನಾರ್ ರಾಫನ್ ತಂಡ ಬಿಡಿಸಿತು: ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನ ಪಿಒಎಂಸಿ ವಂಶವಾಹಿಯಲ್ಲಿ ಒಂದು ತುಂಡು ಇಲ್ಲ. ಬಟ್ಟಲಿನ ಮುಂದೆ ನಿಂತು ಇನ್ನೂ ಬೇಕೆನ್ನುವ ನಾಯಿಯನ್ನು ಗದರಿಸುವ ಮುನ್ನ ಇದು ನೆನಪಿರಲಿ; ಅಳತೆಯ ಊಟ, ದಿನದ ಓಡಾಟ ಅದಕ್ಕೆ ಬದುಕಿನುದ್ದಕ್ಕೂ ಬೇಕು.

ತಳಿ ಯಾವುದೆಂದು ಹೇಳುವ ಪರೀಕ್ಷೆಗಳನ್ನು ನಾನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಕಂಪನಿಯ ಸಂಗ್ರಹದಲ್ಲಿ ನಮ್ಮ ನಾಟಿ ನಾಯಿಗಳ ಮಾದರಿ ಇಲ್ಲದಿದ್ದರೆ ಅದು ಇದ್ದ ಹೆಸರುಗಳಲ್ಲೇ ಯಾವುದನ್ನೋ ಹೊಂದಿಸುತ್ತದೆ. ತಳಿ ಗೊತ್ತಾದರೂ ಸ್ವಭಾವ ಗೊತ್ತಾಗುವುದಿಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇಕಡ 9ರಷ್ಟೇ.

ಮರಿ ಕೊಳ್ಳುವ ಯೋಚನೆಯಲ್ಲಿರುವವರಿಗೆ ಒಂದು ವಿನಂತಿ. 2017ರ ಕೇಂದ್ರ ನಿಯಮಗಳಂತೆ ನಾಯಿ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಮೊದಲು ಆ ನೋಂದಣಿ ಪತ್ರ ಕೇಳಿ. ಆಮೇಲೆ ಮರಿಯದ್ದಲ್ಲ, ಅದರ ತಾಯಿತಂದೆಯ ಪರೀಕ್ಷಾ ವರದಿ ಕೇಳಿ; ವರದಿಯಲ್ಲಿರುವ ಮೈಕ್ರೋಚಿಪ್ ಸಂಖ್ಯೆಯೂ ಎದುರಿಗಿರುವ ನಾಯಿಯದ್ದೂ ಒಂದೇ ಹೌದೋ ನೋಡಿ. ಅದರ ಒಂದು ಪ್ರತಿಯನ್ನು ನಿಮ್ಮ ಪಶುವೈದ್ಯರ ಬಳಿ ಇಡಿ. ವರದಿ ತೋರಿಸಲು ಒಪ್ಪದವರಿಂದ ಮರಿ ಕೊಳ್ಳಬೇಡಿ.