ಮುಖ ಕಾಣದಿದ್ದಾಗ ಮಾತು ಏಕೆ ಒರಟಾಗುತ್ತದೆ?

ಸರ್ಕಾರಿ ಕಚೇರಿಗಳ ಪರಿಚಯವಿರುವ ನಿಮಗೆ ‘ಮೂಗರ್ಜಿ’ ಎಂಬ ಮಾತು ಹೊಸದಲ್ಲ. ಸಹಿಯಿಲ್ಲದ ಆ ಕಾಗದದಲ್ಲಿ ಎದುರಿಗೆ ನಿಂತು ಹೇಳಲು ಹೆದರುವ ಸತ್ಯವೂ ಇರಬಹುದು, ಹೇಳಲು ನಾಚಬೇಕಾದ ಸುಳ್ಳೂ ಇರಬಹುದು. ಅಂತರ್ಜಾಲದಲ್ಲಿ ಇಂಥ ಮೂಗರ್ಜಿ ಬರೆಯಲು ಅಂಚೆಚೀಟಿಯೂ ಬೇಕಿಲ್ಲ. ನೆರೆಹೊರೆಯವರೊಡನೆ ಸೌಜನ್ಯದಿಂದಿರುವ ವ್ಯಕ್ತಿಯೇ ಅಲ್ಲಿ, ತಾನು ಎಂದೂ ನೋಡಿರದ ಹುಡುಗಿಯೊಬ್ಬಳನ್ನು ಹೀನಾಯವಾಗಿ ನಿಂದಿಸುವುದುಂಟು. ಇದಕ್ಕೆ ಕಾರಣವೇನು?

ಅಮೆರಿಕದ ಮನೋವಿಜ್ಞಾನಿ ಜಾನ್ ಸೂಲರ್ 2004ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಆರು ಕಾರಣಗಳನ್ನು ಗುರುತಿಸಿದರು. ಹೆಸರು ಮರೆಯಾಗಿರುವುದು, ಮುಖ ಕಾಣದಿರುವುದು, ಉತ್ತರ ತಕ್ಷಣ ಬಾರದಿರುವುದು ಇವುಗಳಲ್ಲಿ ಮುಖ್ಯವಾದವು. ಇದೇ ಸಡಿಲಿಕೆಯಿಂದ ಒಳಿತೂ ಆಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಸಂಕೋಚದಿಂದ ವೈದ್ಯರ ಬಳಿಯೂ ಹೇಳದ ನೋವನ್ನು ಕೆಲವರು ಮರೆಯಲ್ಲಿದ್ದು ತೋಡಿಕೊಳ್ಳಬಲ್ಲರು.

ಹಾಗಾದರೆ ದೋಷ ಇರುವುದು ಹೆಸರಿಲ್ಲದಿರುವುದರಲ್ಲೇ? ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 142 ಮಂದಿಯನ್ನು ಜೋಡಿ ಜೋಡಿಯಾಗಿ ಕಂಪ್ಯೂಟರ್ ಮೂಲಕ ಚರ್ಚೆಗೆ ಕೂರಿಸಿ ಇದನ್ನು ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿದೆ. ಬೈಗುಳ, ಬೆದರಿಕೆಗಳಿಗೆ ಹೆಚ್ಚಿನ ಕಾರಣವಾದದ್ದು ಹೆಸರು ತಿಳಿಯದಿದ್ದುದಲ್ಲ. ಕಣ್ಣಿಗೆ ಕಣ್ಣು ಸೇರದಿದ್ದುದು! ನಮ್ಮ ಮಾತಿನಿಂದ ಎದುರಿನವರ ಮುಖ ಬಾಡಿದಾಗ ನಾಲಿಗೆ ತಾನಾಗಿ ತಡೆಯುತ್ತದೆ. ಪರದೆಯ ಮುಂದೆ ಆ ತಡೆ ಇಲ್ಲ.

ದಕ್ಷಿಣ ಕೊರಿಯಾದ ಅನುಭವವೂ ಗಮನಾರ್ಹ. 2007ರಲ್ಲಿ ಅಲ್ಲಿನ ಸರ್ಕಾರ, ದೊಡ್ಡ ತಾಣಗಳಲ್ಲಿ ಬರೆಯುವವರು ತಮ್ಮ ನಿಜವಾದ ಗುರುತನ್ನು ದೃಢಪಡಿಸಬೇಕೆಂದು ಕಡ್ಡಾಯ ಮಾಡಿತು. 2011ರಲ್ಲಿ ಕನ್ನಗಾರರು ಸುಮಾರು 3.5 ಕೋಟಿ ಬಳಕೆದಾರರ ವೈಯಕ್ತಿಕ ವಿವರಗಳನ್ನು ಕದ್ದರು. ಈ ಕ್ರಮದಿಂದ ಕಾನೂನುಬಾಹಿರ ಬರಹಗಳು ಗಣನೀಯವಾಗಿ ತಗ್ಗಿದ್ದು ಕಾಣುವುದಿಲ್ಲ ಎಂದ ಅಲ್ಲಿನ ಸಂವಿಧಾನ ನ್ಯಾಯಾಲಯ, 2012ರಲ್ಲಿ ಅದನ್ನು ರದ್ದುಪಡಿಸಿತು.

ಹಾಗೆಂದು ಮರೆಯಲ್ಲಿ ನಿಂತವರು ಕಾನೂನಿನ ಕೈಗೆ ಸಿಗುವುದಿಲ್ಲ ಎಂದು ತಿಳಿಯಬೇಡಿ. ಅನಾಮಧೇಯವಾಗಿ ಬೆದರಿಕೆ ಹಾಕಿದರೆ ಹೆಚ್ಚುವರಿ ಶಿಕ್ಷೆ ಎಂದು 1860ರ ಭಾರತೀಯ ದಂಡ ಸಂಹಿತೆಯೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಅದನ್ನು ಉಳಿಸಿಕೊಂಡಿದೆ. ಎರಡು ವರ್ಷಗಳವರೆಗೆ ಹೆಚ್ಚುವರಿ ಸೆರೆವಾಸ ವಿಧಿಸಬಹುದು. ಸುಳ್ಳು ಹೆಸರಿನ ಹಿಂದೆಯೂ ಸಂಪರ್ಕದ ಜಾಡು ಉಳಿದಿರುತ್ತದೆ. ಅನೇಕ ವೇಳೆ ಪೊಲೀಸರು ಅದನ್ನು ಹಿಡಿದೇ ಬರೆದವನನ್ನು ತಲುಪುತ್ತಾರೆ.

ನಿಮ್ಮ ಮನೆಯ ಮಕ್ಕಳಿಗೆ ಇಂಥ ಸಂದೇಶ ಬಂದರೆ, “ಮೊಬೈಲ್ ಏಕೆ ಮುಟ್ಟಿದೆ?” ಎಂದು ಗದರಬೇಡಿ, ಗದರಿದರೆ ಮುಂದಿನ ಬಾರಿ ನಿಮ್ಮಿಂದ ಮುಚ್ಚಿಡುತ್ತಾರೆ. ಅದನ್ನು ಅಳಿಸದೆ ಚಿತ್ರವಾಗಿ ಉಳಿಸಿಕೊಂಡು ದೂರು ಕೊಡಿ. ನೀವೇ ಸಿಟ್ಟಿನಿಂದ ಏನಾದರೂ ಬರೆದಿದ್ದರೆ, ಕಳುಹಿಸುವ ಮುನ್ನ ಮನೆಯವರ ಎದುರು ಒಮ್ಮೆ ಗಟ್ಟಿಯಾಗಿ ಓದಿ. ಓದಲು ಸಂಕೋಚವೆನಿಸಿದರೆ ಕಳುಹಿಸಬೇಡಿ.