ಉಸಿರಿನ ಲೆಕ್ಕಕ್ಕೆ ಒಂದೇ ಅಂಕಿ ಸಾಲದು

ಮನೆಯ ಹಿರಿಯರು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವವರು ನಮ್ಮಲ್ಲಿ ಅನೇಕರು. ಆದರೆ ಕೆಮ್ಮು, ಕಫಗಳೊಡನೆ ವರ್ಷದಿಂದ ವರ್ಷಕ್ಕೆ ಉಸಿರು ಕುಗ್ಗುತ್ತಿದ್ದರೆ ಅದು ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಾಗಿರಬಹುದು. ಬೀಡಿ, ಸಿಗರೇಟುಗಳಷ್ಟೇ ಅಲ್ಲ, ಸೌದೆಯ ಹೊಗೆಯೂ ಇದಕ್ಕೆ ಕಾರಣ. ಊರಿನಲ್ಲಿ ದಶಕಗಳ ಕಾಲ ಒಲೆ ಊದಿದ ತಾಯಂದಿರಿಗೂ ಇದು ಬರಬಹುದು.

ಕಾಯಿಲೆಯನ್ನು ಖಚಿತಪಡಿಸುವುದು ಸ್ಪೈರೋಮೆಟ್ರಿ ಪರೀಕ್ಷೆ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ತಮ್ಮ ಸ್ಪೈರೋಮೀಟರನ್ನು ವಿವರಿಸಿದಾಗ, ಅದು ಜೀವವಿಮೆಯ ಲೆಕ್ಕಾಚಾರಕ್ಕೂ ನೆರವಾದೀತೆಂದು ಭಾವಿಸಿದ್ದರು. ಉಸಿರಿನ ಅಳತೆಯಿಂದ ಆಯುಷ್ಯವನ್ನು ಅಂದಾಜಿಸುವ ಆಸೆ ಅಷ್ಟು ಹಳೆಯದು. ಇಂದು ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಬಳಿಕ, ರೋಗಿ ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳದಲ್ಲಿ ಅಡಚಣೆಯಿದೆ ಎಂದರ್ಥ. ಬಳಿಕ ಆ ಮೊದಲ ಸೆಕೆಂಡಿನ ಗಾಳಿಯನ್ನು ಅದೇ ವಯಸ್ಸು, ಎತ್ತರದವರಲ್ಲಿ ನಿರೀಕ್ಷಿಸುವ ಪ್ರಮಾಣಕ್ಕೆ ಹೋಲಿಸುತ್ತಾರೆ: ಶೇ. 80 ಅಥವಾ ಹೆಚ್ಚಿದ್ದರೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, ಅದಕ್ಕಿಂತ ಕಡಿಮೆಯಾದರೆ ಅತಿ ತೀವ್ರ.

ವರದಿಯಲ್ಲಿ ‘45’ ಎಂದು ಕಂಡೊಡನೆ ಆಯುಷ್ಯವೇ ಅರ್ಧಕ್ಕಿಳಿಯಿತೆಂದು ಕಂಗಾಲಾಗಬೇಕಿಲ್ಲ. ಒಂದು ದಿನದ ಶಿಲ್ಕು ನೋಡಿ ಮನೆತನದ ಸ್ಥಿತಿಗತಿ ಹೇಳಲಾಗದು. ಒಂದೇ ಅಂಕಿಯುಳ್ಳ ಇಬ್ಬರಲ್ಲಿ ಒಬ್ಬರು ದಿನವೂ ಮಾರುಕಟ್ಟೆಗೆ ನಡೆದು ಹೋಗಿ ಬರುತ್ತಿರಬಹುದು, ಇನ್ನೊಬ್ಬರಿಗೆ ಬಟ್ಟೆ ಬದಲಿಸುವುದೇ ಆಯಾಸವಾಗಬಹುದು.

ಈ ಅಂತರವನ್ನು ಅಳೆಯಲೆಂದೇ 2004ರಲ್ಲಿ ಬಾರ್ತೊಲೋಮೆ ಸೆಲ್ಲಿ ಮತ್ತು ಸಂಗಡಿಗರು ‘ಬೋಡ್’ ಸೂಚ್ಯಂಕವನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕು ಅಂಶಗಳಿವೆ: ಎತ್ತರಕ್ಕೆ ತಕ್ಕ ತೂಕ, ಶ್ವಾಸನಾಳದ ಅಡಚಣೆ, ಏದುಸಿರಿನ ಮಟ್ಟ, ಆರು ನಿಮಿಷದಲ್ಲಿ ನಡೆದ ದೂರ. 350 ಮೀಟರ್ ಅಥವಾ ಹೆಚ್ಚು ನಡೆದವರಿಗೆ ನಡಿಗೆಯಲ್ಲಿ ಸೊನ್ನೆ, 149 ಮೀಟರ್ ಮೀರದವರಿಗೆ ಮೂರು ಅಂಕ. ಒಟ್ಟು ಅಂಕ ಸೊನ್ನೆಯಿಂದ ಹತ್ತರವರೆಗೆ. ಅದು ಹೆಚ್ಚಿದಷ್ಟೂ ಅಪಾಯ ಹೆಚ್ಚು. ತೂಕ ಇಳಿಯುವುದೂ ಇಲ್ಲಿ ಶುಭಸೂಚನೆಯಲ್ಲ ಎಂಬುದನ್ನು ಗಮನಿಸಬೇಕು.

ಇದರೊಂದಿಗೆ ಇನ್ನೆರಡು ಸೂಚನೆಗಳುಂಟು. ಕಾಯಿಲೆ ಒಮ್ಮೆಲೇ ಉಲ್ಬಣಿಸಿ ಆಸ್ಪತ್ರೆ ಸೇರಿದ್ದರೆ ಅದು ಮರುಕಳಿಸುವ ಸಂಭವ ಅಧಿಕ. ವಿಶ್ರಾಂತಿಯಲ್ಲಿಯೂ ರಕ್ತದ ಆಮ್ಲಜನಕ ಶೇ. 88 ಅಥವಾ ಕೆಳಗೇ ಉಳಿದರೆ, ಮನೆಯಲ್ಲಿ ದೀರ್ಘಾವಧಿ ಆಮ್ಲಜನಕ ನೀಡುವುದನ್ನು ವೈದ್ಯರು ಪರಿಶೀಲಿಸುತ್ತಾರೆ.

ಈ ಅಂಕಗಳು ಅನೇಕ ರೋಗಿಗಳ ಅನುಭವದಿಂದ ಹುಟ್ಟಿದವು. ಅವು ಒಬ್ಬರ ಹಣೆಬರಹವಲ್ಲ. ಕುಗ್ಗಿದ ಶ್ವಾಸಕೋಶ ಪೂರ್ಣವಾಗಿ ಮೊದಲಿನಂತಾಗದಿದ್ದರೂ, ಧೂಮಪಾನ ತ್ಯಾಗ, ಸರಿಯಾದ ವಿಧಾನದಲ್ಲಿ ಇನ್‌ಹೇಲರ್ ಬಳಕೆ, ಮಾರ್ಗದರ್ಶನದ ವ್ಯಾಯಾಮ, ಪುಷ್ಟಿಕರ ಆಹಾರ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳಿಂದ ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳಬಹುದು.

ಆದುದರಿಂದ ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಹಳೆಯ ವರದಿಗಳೊಡನೆ ಒಂದು ಚೀಟಿಯನ್ನೂ ಒಯ್ಯೋಣ: ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ತೂಕ ಎಷ್ಟು ಇಳಿದಿದೆ, ಕಳೆದ ವರ್ಷ ಎಷ್ಟು ಬಾರಿ ಉಲ್ಬಣಿಸಿತು. ಹಿರಿಯರು ಸಂಕೋಚದಿಂದ ಹೇಳದಿರುವ ಈ ಸಂಗತಿಗಳನ್ನು ಕೇಳಿ ಬರೆದಿಡುವುದು ಮನೆಯವರಾದ ನಮ್ಮ ಕರ್ತವ್ಯ.